ಮೀನಖಂಡದ ಪೆಟ್ಟು, ಬಂಗುಡೆಯ ಮೇಲಿನ ದೂರು

ಕಾಲಿಗೆ ಪೆಟ್ಟಾದ ದಿನ ನಾನು ಮಾಡಿದ ಮೊದಲ ಕೆಲಸ ನಮ್ಮ ಹೆಡ್‌ಮಾಸ್ಟರಿಗೆ ಬೈದದ್ದು.

ಕಡಬದ ಹತ್ತಿರದ ನಮ್ಮ ಪ್ರಾಥಮಿಕ ಶಾಲೆಯ ವಾರ್ಷಿಕೋತ್ಸವ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಧ್ಯಾಪಕರಿಗೂ ಮಕ್ಕಳ ತಂದೆತಾಯಿಯರಿಗೂ ಹಗ್ಗಜಗ್ಗಾಟ ಇಟ್ಟಿದ್ದರು. ನಮ್ಮ ಕಡೆ ಜನ ಕಡಿಮೆ, ಎದುರಿಗೆ ಮರ ಹತ್ತಿ ಇಳಿದು ಗಟ್ಟಿಯಾದ ಕೈಗಳು. ನಾನು ಸೀರೆಯ ಸೆರಗು ಬಿಗಿದು, ಹಿಮ್ಮಡಿ ನೆಲಕ್ಕೆ ಊರಿ, ಒಮ್ಮೆ ಜೋರಾಗಿ ಎಳೆದೆ. ಎಡಗಾಲಿನ ಹಿಂದೆ ಟಪ್ ಎಂದು ಯಾರೋ ಬೂಟುಗಾಲಿನಲ್ಲಿ ಒದ್ದ ಹಾಗಾಯಿತು. ತಿರುಗಿ ನೋಡಿದರೆ ಹಿಂದೆ ಇದ್ದವರು ಹೆಡ್‌ಮಾಸ್ಟರು.

"ಎಂತ ಸಾರ್, ಒದೆಯುದಾ ನೀವು?" ಎಂದು ಎಲ್ಲರಿಗೂ ಕೇಳುವ ಹಾಗೆ ಕಿರುಚಿದೆ.

"ನಾನಾ? ಹಗ್ಗ ಹಿಡ್ಕೊಂಡು ಒದೆಯುದು ಹೇಗೆ ಟೀಚರೇ?" ಎಂದರು ಅವರು ಕಕ್ಕಾಬಿಕ್ಕಿಯಾಗಿ. ಅಷ್ಟರಲ್ಲಿ ನಾನು ನೆಲದ ಮೇಲಿದ್ದೆ. ನನ್ನ ಹಿಂದೆಯೇ ಇಡೀ ಶಿಕ್ಷಕವರ್ಗ ಸಾಲಾಗಿ ಮುಗ್ಗರಿಸಿತು. ಗೆದ್ದವರು ಚಪ್ಪಾಳೆ ತಟ್ಟಿದರು. ಆಮೇಲೆ ನಾನು ಏಳದೆ ಇದ್ದದ್ದನ್ನು ನೋಡಿ, ಗೆದ್ದವರೇ ಇಬ್ಬರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮನೆಗೆ ಹೊತ್ತುಕೊಂಡು ಬಂದರು.

ನನ್ನ ಹೆಸರು ದೇವಕಿ. ಗಂಡನ ಮೂಲಮನೆ ಸುಳ್ಯ ಕಡೆಯ ಮರ್ಕಂಜ. ಅವರಿಗೆ ಕಡಬದ ಅಂಚೆ ಕಚೇರಿಯಲ್ಲಿ ಕೆಲಸ, ನನಗೆ ಶಾಲೆ. ಬಾಡಿಗೆಮನೆಯಲ್ಲಿ ನಾವಿಬ್ಬರು, ಐದು ವರ್ಷದ ಮಗಳು, ಮತ್ತು ಅತ್ತೆ. ಮನೆಯ ಮಾತು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ನಮ್ಮೂರ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅತ್ತೆಗೆ ಓದು ಬಾರದು. ಆದರೆ ಯಾರ ಮುಖ ನೋಡಿದರೂ ಅವರ ಹೊಟ್ಟೆಯಲ್ಲಿ ಏನಿದೆ ಎಂದು ಹೇಳಬಲ್ಲರು. ಅದೇ ಕಾರಣಕ್ಕೆ ನನಗೆ ಅವರೆಂದರೆ ಸ್ವಲ್ಪ ಹೆದರಿಕೆ, ಬಹಳ ಪ್ರೀತಿ.

ಮೊಣಕಾಲಿನ ಕೆಳಗೆ ಹಿಂಬದಿಯ ದಪ್ಪ ಮಾಂಸವನ್ನು ಮೀನಖಂಡ ಎನ್ನುತ್ತೇವೆ. ನನಗೆ ಪೆಟ್ಟಾದದ್ದು ಅಲ್ಲಿಗೆ. ಮಕ್ಕಳಿಗೆ ಪಾಠ ಹೇಳುವಾಗ ಎಷ್ಟೋ ಸಲ ಈ ಶಬ್ದ ಬರೆಸಿದ್ದೆ, ಅದರೊಳಗೆ ಒಂದು ಮೀನಿದೆ ಎಂದು ಯಾವತ್ತೂ ಯೋಚಿಸಿರಲಿಲ್ಲ.

ಮೊದಲ ದಿನ ಅತ್ತೆ ಬಿಸಿನೀರಿನ ಶಾಖ ಕೊಟ್ಟು ಎಣ್ಣೆ ಹಾಕಿ ತಿಕ್ಕಿದರು. ಪ್ರೀತಿಯಿಂದಲೇ ತಿಕ್ಕಿದರು, ನಾನು ಕಣ್ಣೀರು ಹಾಕಿಕೊಂಡೇ ತಿಕ್ಕಿಸಿಕೊಂಡೆ. ಬೆಳಿಗ್ಗೆ ಏಳುವಾಗ ಕಾಲು ಎರಡರಷ್ಟಾಗಿತ್ತು. ಮೂರನೆಯ ದಿನ ಮೀನಖಂಡದ ಮೇಲೆ ನೇರಳೆಹಣ್ಣಿನ ಬಣ್ಣ ಬಂತು. ನಾಲ್ಕನೆಯ ದಿನ ಆ ಬಣ್ಣ ಕೆಳಗಿಳಿದು ಪಾದದ ಗಂಟಿಗೆ ಮುಟ್ಟಿತು. ಪೆಟ್ಟು ಬಿದ್ದದ್ದು ಮೇಲೆ, ನೀಲಿಯಾದದ್ದು ಕೆಳಗೆ.

"ನಂಜು ಇಳಿತಾ ಉಂಟು," ಎಂದರು ಅತ್ತೆ.

ನಮ್ಮ ಕಡೆ ನಂಜು ಎಂಬ ಒಂದು ಮಾತಿನಲ್ಲಿ ಲೋಕವೆಲ್ಲ ಅಡಗಿದೆ. ಹಾವಿನ ವಿಷವೂ ನಂಜು, ಗಾಯ ಕೀವಾದರೂ ನಂಜು, ಬದನೆಕಾಯಿಯೂ ನಂಜು, ಬಂಗುಡೆ ಮೀನಂತೂ ದೊಡ್ಡ ನಂಜು. ಯಾರಿಗೆ ಏನಾದರೂ ಈ ಮಾತು ಹೇಳಿಬಿಟ್ಟರೆ ಮತ್ತೆ ಯಾರೂ ಪ್ರಶ್ನೆ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಚಾಪೆಯ ಮೇಲೆ ಮಲಗಿ, ಒಂದು ಕಾಲಿನ ಟೀಚರನ್ನು ಶಾಲೆಯಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಸುದ್ದಿ ಕೇಳಿ ಮರ್ಕಂಜದಿಂದ ಮಿಲಿಟ್ರಿ ಮಾವ ಬಂದರು. ಇವರು ನನ್ನ ತೀರಿಹೋದ ಮಾವನವರ ತಮ್ಮ. ಎರಡನೆಯ ಮಹಾಯುದ್ಧದಲ್ಲಿ ದೂರದೇಶಕ್ಕೆ ಹೋಗಿ ಬಂದವರು. ಪಟ್ಟಾಳ ಬಿಟ್ಟು ಎಷ್ಟೋ ವರ್ಷವಾದರೂ ಮೀಸೆಗೆ ಮಾತ್ರ ಇನ್ನೂ ರಜೆ ಕೊಟ್ಟಿರಲಿಲ್ಲ. ಕೋಲಿನ ತುದಿಯಿಂದ ನನ್ನ ಹೊದಿಕೆ ಸರಿಸಿ ಕಾಲು ನೋಡಿದರು.

"ಪೆನ್ಸಿಲಿನ್ ಹಾಕಿದ್ದೀರಾ?" ಎಂದು ಕೇಳಿದರು.

"ಇಲ್ಲ," ಎಂದರು ಇವರು, ಎಂದರೆ ನನ್ನ ಗಂಡ.

"ಇಲ್ಲವಾ! ಮತ್ತೆ ಎಂತ ನೋಡ್ತಾ ಕೂತದ್ದು ಮಾರಾಯ? ನಾನು ಫೀಲ್ಡ್ ಆಸ್ಪತ್ರೆಯಲ್ಲಿ ಕಣ್ಣಾರೆ ಕಂಡವ. ಮಾಂಸಕ್ಕೆ ಗಾಯ ಆದವರು ಸಾಲಾಗಿ ಮಲಗಿದ್ರು. ಸೂಜಿ ಹಾಕಿಸಿಕೊಂಡವ ಎದ್ದು ನಡೆದು ಹೋದ. ಸೂಜಿ ಬರುವ ಮೊದಲು ಬಂದವನ ಕಾಲನ್ನು ಇಲ್ಲಿಂದ ತೆಗೆದ್ರು." ತಮ್ಮ ತೊಡೆಯ ಮೇಲೆ ಕೋಲಿನಿಂದ ಗೆರೆ ಎಳೆದು ತೋರಿಸಿದರು.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಇವರು ಆಗಲೇ ಚಪ್ಪಲಿ ಮೆಟ್ಟಿದ್ದರು. ಪೇಟೆಯಲ್ಲಿ ಒಬ್ಬ ಕಂಪೌಂಡರಿದ್ದ, ಕರೆದಲ್ಲಿಗೆ ಬಂದು ಸೂಜಿ ಹಾಕಿ ಹೋಗುವವ. ಅರ್ಧ ಗಂಟೆಯೊಳಗೆ ಅವನು ನಮ್ಮ ಅಡುಗೆಮನೆಯಲ್ಲಿ, ನಮ್ಮದೇ ಒಲೆಯ ಮೇಲೆ, ಸಿರಿಂಜು ಕುದಿಸುತ್ತಿದ್ದ. ಡಬ್ಬಿಯೊಳಗೆ ಗಾಜು ಕಟಕಟ ಎನ್ನುವುದು ಕೇಳಿ ನಾನು ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡೆ. ಆ ಶಬ್ದ ನನಗೆ ಮೊದಲೇ ಗೊತ್ತಿತ್ತು.

ಇಲ್ಲಿ ಐದು ವರ್ಷ ಹಿಂದಕ್ಕೆ ಹೋಗಬೇಕು.

ಮಗಳು ಹುಟ್ಟಿ ಹದಿನೈದು ಇಪ್ಪತ್ತು ದಿನವಾಗಿತ್ತು. ಎದೆ ಬಾತು ಗಟ್ಟಿಯಾಗಿ ಚಳಿಜ್ವರ ಬಂತು. ಆಗ ನಾವು ಮರ್ಕಂಜದಲ್ಲಿದ್ದೆವು. ಒಬ್ಬ ಡಾಕ್ಟರು ದಿನಕ್ಕೊಮ್ಮೆ ಬಂದು ಪೆನ್ಸಿಲಿನ್ ಹಾಕುತ್ತಿದ್ದರು. ಎರಡು ದಿನ ಏನೂ ಆಗಲಿಲ್ಲ, ಜ್ವರವೂ ಇಳಿಯಿತು. ಮೂರನೆಯ ದಿನ ಮಧ್ಯಾಹ್ನ ಮನೆಯವರಿಗೆಂದು ಬಂಗುಡೆ ಸಾರು ಮಾಡಿದ್ದರು. ಬಾಣಂತಿಗೆ ಕರಿಮೆಣಸು, ಬೆಳ್ಳುಳ್ಳಿ ಬಿಟ್ಟು ಬೇರೆ ರುಚಿಯಿಲ್ಲ. ಪರಿಮಳ ತಡೆಯಲಾಗದೆ ನಾನು ಹಿಂಬಾಗಿಲಿನಿಂದ ಹೋಗಿ ಒಂದು ತುಂಡು ತಿಂದೆ. ತಿನ್ನುವಾಗಲೇ ಅತ್ತೆಯ ಕೈಗೆ ಸಿಕ್ಕಿಬಿದ್ದೆ. ಬೈಗುಳ ಇನ್ನೂ ಮುಗಿದಿರಲಿಲ್ಲ, ಡಾಕ್ಟರು ಬಂದು ಮೂರನೆಯ ಸೂಜಿ ಹಾಕಿದರು. ಅವರು ಕೈ ತೊಳೆಯುವಷ್ಟರಲ್ಲಿ ನನ್ನ ಮೈಯೆಲ್ಲ ದದ್ದು ಎದ್ದಿತು. ತುಟಿ ಕಣ್ಣು ಊದಿ ಮುಚ್ಚಿಹೋದವು. ಉಸಿರು ಒಳಗೆ ಹೋಗಲೊಲ್ಲದು. ಅವರು ಇನ್ನೇನೋ ಒಂದು ಔಷಧಿ ಚುಚ್ಚಿ ನನ್ನನ್ನು ಉಳಿಸಿದರು.

"ಬಂಗುಡೆ ತಿಂದಿದ್ದಾಳೆ ಡಾಕ್ಟ್ರೇ, ಈಗ ಒಂದು ಗಳಿಗೆ ಮೊದಲು," ಎಂದರು ಅತ್ತೆ.

"ಹಾಗೆ ಹೇಳಿ ಮತ್ತೆ!" ಎಂದರು ಡಾಕ್ಟರು. ಅವರ ಮುಖದಲ್ಲಿ ಕಂಡ ನೆಮ್ಮದಿ ಬಾತ ಕಣ್ಣಿನಲ್ಲೂ ನನಗೆ ಕಂಡಿತು.

ಅಲ್ಲಿಗೆ ತೀರ್ಪಾಯಿತು. ನನಗೆ ಬಂಗುಡೆ ಆಗುವುದಿಲ್ಲ. ಅತ್ತೆ ಅಷ್ಟಕ್ಕೆ ನಿಲ್ಲಲಿಲ್ಲ. ನನ್ನೆದುರು ತಿಂದರೆ ನನಗೆ ಆಸೆಯಾದೀತು ಎಂದು ಆ ಮನೆಯ ಒಲೆಗೆ ಮತ್ತೆ ಬಂಗುಡೆಯನ್ನೇ ಹತ್ತಿಸಲಿಲ್ಲ. ಎಲ್ಲ ಮೀನುಗಳಲ್ಲಿ ಅವರ ಜೀವ ಇದ್ದದ್ದು ಬಂಗುಡೆಯಲ್ಲಿ. ನನಗಾಗಿ ಅದನ್ನು ಬಿಟ್ಟರು, ಬಿಟ್ಟೆ ಎಂದು ಒಮ್ಮೆಯೂ ಎತ್ತಿ ಆಡಲಿಲ್ಲ.

ಇನ್ನು ನನ್ನ ಕಳ್ಳತನ ಹೇಳಬೇಕು. ಶಾಲೆಯ ಪಕ್ಕದಲ್ಲಿ ಅವ್ವಮ್ಮ ಎಂಬ ಬ್ಯಾರಿ ಮುಸ್ಲಿಂ ಹೆಂಗಸಿನ ಮನೆ. ಗಂಡನಿಗೆ ಕಡಬ ಪೇಟೆಯಲ್ಲಿ ಜವುಳಿ ವ್ಯಾಪಾರ, ಮಗಳು ನನ್ನ ತರಗತಿಯಲ್ಲಿ. ಒಂದು ದಿನ ಬುತ್ತಿ ಮರೆತು ಬಂದಿದ್ದೆ. "ಬನ್ನಿ ಟೀಚರೇ, ನಮ್ಮಲ್ಲಿ ಊಟ ಮಾಡುವ," ಎಂದು ಕರೆದುಕೊಂಡು ಹೋಗಿ ಬಟ್ಟಲಲ್ಲಿ ಬಂಗುಡೆ ಬಡಿಸಿದಳು. ಬೇಡ ಎನ್ನಬೇಕಿತ್ತು. ನಾಲಗೆ ಬೇಡ ಎನ್ನಲಿಲ್ಲ. ತಿಂದು ಬಂದು, ಹಾಜರಿ ಪುಸ್ತಕ ಎದುರಿಗಿಟ್ಟುಕೊಂಡು, ಸಾಯುವುದಕ್ಕೆ ಕಾದು ಕೂತೆ. ಮೂರು ಗಂಟೆಯಾಯಿತು, ನಾಲ್ಕಾಯಿತು, ಗಂಟೆ ಬಾರಿಸಿದರು, ಮಕ್ಕಳು ಹೋದರು. ಒಂದು ತುರಿಕೆ ಸಹ ಇಲ್ಲ. ಮತ್ತಿನ ವಾರ ಪುನಃ ತಿಂದೆ. ಹೀಗೆ ನಾಲ್ಕು ವರ್ಷ ನಡೆಯಿತು.

ನನ್ನ ಮುಖ ಊದಿಸಿದ್ದು ಬಂಗುಡೆಯಲ್ಲ ಎಂದು ಗೊತ್ತಿದ್ದವಳು ಲೋಕದಲ್ಲಿ ನಾನೊಬ್ಬಳೇ. ಬಂಗುಡೆಯಲ್ಲವಾದರೆ ಮತ್ತೇನು ಎಂಬುದನ್ನು ಯೋಚಿಸದೆ ಇರಲು ನಾನು ಕಲಿತುಕೊಂಡಿದ್ದೆ. ಹೇಳಿದ್ದರೆ ಅತ್ತೆಗೆ ಏನಾಗುತ್ತಿತ್ತು? ಅಷ್ಟು ವರ್ಷ ಅವರು ನನಗೋಸ್ಕರ ಬಾಯಿ ಕಟ್ಟಿಕೊಂಡಿದ್ದಾಗ ನಾನು ಶಾಲೆಯ ಪಕ್ಕ ಬೆರಳು ನೆಕ್ಕುತ್ತಿದ್ದೆ ಎಂದು ಯಾವ ಬಾಯಿಂದ ಹೇಳುವುದು?

ಕಂಪೌಂಡರು ಬಾಟಲಿಯ ಬಿಳಿಪುಡಿಗೆ ನೀರು ಬಿಟ್ಟು ಕುಲುಕುತ್ತಾ ಚಾವಡಿಗೆ ಬಂದ. ನಾನು ಗೋಡೆಗೆ ಒತ್ತಿಕೊಂಡು ಕೂತೆ.

"ಈಗ ಬೇಡ. ಪುತ್ತೂರಿನ ಡಾಕ್ಟ್ರಿಗೆ ತೋರಿಸುವ. ಅವರು ಹಾಕಿ ಅಂದ್ರೆ ಹಾಕಿಸಿಕೊಳ್ತೇನೆ."

"ಅಲ್ಲ ದೇವಕಿ, ಮದ್ದು ಕಲಸಿ ಆಗಿದೆ," ಎಂದರು ಇವರು.

"ಬೇಡ ಅಂದ್ರೆ ಬೇಡ."

ನಾನು ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಮಿಲಿಟ್ರಿ ಮಾವ ಕೋಲು ನೆಲಕ್ಕೆ ಕುಟ್ಟಿದರು. ಕಂಪೌಂಡರು ಒಳ್ಳೆಯ ಮನುಷ್ಯ, ಬೇಸರ ಮಾಡಿಕೊಳ್ಳಲಿಲ್ಲ. "ಒಲೆ ಹೇಗೂ ಉರಿತಾ ಉಂಟು, ಒಂದು ಕಾಫಿ ಆದ್ರೂ ಮಾಡಿ," ಎಂದ.

ಮರುದಿನ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಮಿಲಿಟ್ರಿ ಮಾವನೂ ಸೇರಿ ನಾವು ನಾಲ್ವರು ಮೊದಲ ಬಸ್ಸಿಗೆ ಪುತ್ತೂರಿಗೆ ಹೊರಟೆವು. ಕಂಡಕ್ಟರು ಎದುರಿನ ಸೀಟಿನಿಂದ ಇಬ್ಬರನ್ನು ಎಬ್ಬಿಸಿ ನನಗೆ ಕಾಲು ಚಾಚಲು ಜಾಗ ಮಾಡಿಕೊಟ್ಟ. ರಸ್ತೆಯ ಪ್ರತಿ ಗುಂಡಿಯನ್ನೂ ನನ್ನ ಮೀನಖಂಡ ಒಂದೊಂದಾಗಿ ಗುರುತಿಸಿತು. ಅತ್ತೆ ಪಕ್ಕದಲ್ಲಿ ಕೂತು, ಗುಂಡಿ ಬಂದಾಗಲೆಲ್ಲ ನನ್ನ ಮೊಣಕಾಲನ್ನು ಎರಡು ಕೈಯಲ್ಲೂ ಹಿಡಿಯುತ್ತಿದ್ದರು. ಹಿಡಿದಷ್ಟೂ ನನ್ನ ಹೊಟ್ಟೆಯೊಳಗಿನ ಗುಟ್ಟು ಭಾರವಾಗುತ್ತಿತ್ತು.

ಡಾಕ್ಟರ ಶಾಪಿನ, ಎಂದರೆ ದವಾಖಾನೆಯ, ಹೊರಗೆ ಎರಡು ಉದ್ದದ ಬೆಂಚು. ಕೆಮ್ಮುವವರು, ಮಗುವನ್ನು ತೂಗುವವರು, ಬಾಟಲಿ ಹಿಡಿದು ಕಾಯುವವರು. ಹಸಿರು ಪರದೆ ಸರಿದಾಗಲೆಲ್ಲ ಎಲ್ಲರ ಕುತ್ತಿಗೆಯೂ ಒಟ್ಟಿಗೆ ತಿರುಗುತ್ತಿತ್ತು. ನನ್ನ ಕಾಲು ಕೆಳಗೆ ಬಿಟ್ಟರೆ ಸಿಡಿಯುತ್ತಿತ್ತು, ಎತ್ತಿ ಇಡಲು ಜಾಗವಿರಲಿಲ್ಲ. ಎದುರಿಗಿದ್ದ ಹೆಂಗಸು, ನರಿಮೊಗರು ಎಂಬ ಊರಿನವಳು, ಏನೂ ಕೇಳದೆ ಎದ್ದು ಬಂದು ತನ್ನ ಬಟ್ಟೆಗಂಟನ್ನು ನನ್ನ ಕಾಲಿನ ಕೆಳಗೆ ಇಟ್ಟಳು. "ಎತ್ತಿ ಇಡಿ, ಹಗುರ ಆಗ್ತದೆ," ಎಂದಳು. ನಿಜಕ್ಕೂ ಹಗುರವಾಯಿತು. ತನ್ನ ಸರದಿ ಬಂದಾಗ ಗಂಟು ಬಿಟ್ಟೇ ಒಳಗೆ ಹೋಗಿ, ಹೊರಟು ಹೋಗುವಾಗ ತೆಗೆದುಕೊಂಡಳು. ಅವಳ ಹೆಸರು ಕೇಳಲಿಲ್ಲವಲ್ಲ ಎಂದು ಈಗಲೂ ಅನಿಸುತ್ತದೆ.

ಡಾಕ್ಟರು ವಯಸ್ಸಾದವರು, ಮದರಾಸಿನಲ್ಲಿ ಓದಿದವರು. ಮೇಜಿನ ಮೇಲೆ ಔಷಧಿಗಿಂತ ಹೆಚ್ಚು ಪುಸ್ತಕ. ಎರಡು ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಬಂದು ಒಂದು ಕಡೆ ನಿಲ್ಲಿಸಿದರು. ನಾನು ಹಾ ಎಂದೆ.

"ಪೆಟ್ಟಾಗುವಾಗ ಹಿಂದಿನಿಂದ ಯಾರೋ ಒದ್ದ ಹಾಗೆ ಆಯ್ತಾ?"

"ಹೌದು! ಹೆಡ್‌ಮಾಸ್ಟ್ರು ಅಂತ ಬೈದೂ ಬಿಟ್ಟೆ."

"ಪಾಪ, ಅವರ ತಪ್ಪಲ್ಲ. ಮೀನಖಂಡ ಹರಿದ್ರೆ ಎಲ್ಲರಿಗೂ ಹಾಗೇ ಆಗುದು. ಒಳಗೆ ಹರಿದಿದೆ, ರಕ್ತ ಕೆಳಗೆ ಇಳಿದಿದೆ. ನೀಲಿ ಕಾಣುದು ಅದೇ."

"ನಂಜಲ್ವಾ?" ಎಂದರು ಅತ್ತೆ.

"ನಂಜಲ್ಲ ಅಮ್ಮ, ರಕ್ತ. ಇನ್ನು ಹಸಿರಾಗ್ತದೆ, ಮತ್ತೆ ಹಳದಿ, ಮತ್ತೆ ಹೋಗ್ತದೆ."

ನನ್ನ ಕಾಲು ನನಗೇ ಉಳಿಯುತ್ತದೆ ಎಂದು ಆಗ ತಿಳಿಯಿತು. ಅಳು ಬಂತು, ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಆದರೆ ಮಿಲಿಟ್ರಿ ಮಾವ ಬಿಡಬೇಕಲ್ಲ! ನಿಂತಲ್ಲಿಂದಲೇ ತಮ್ಮ ಫೀಲ್ಡ್ ಆಸ್ಪತ್ರೆಯನ್ನು ಪುನಃ ಬಿಚ್ಚಿದರು. ಡಾಕ್ಟರು ಅಡ್ಡ ಮಾತಾಡದೆ ಪೂರ್ತಿ ಕೇಳಿದರು. ಆಮೇಲೆ ಪುಸ್ತಕದ ರಾಶಿಯಿಂದ ಒಂದು ಹಳೆಯ ಇಂಗ್ಲಿಷ್ ವೈದ್ಯಪತ್ರಿಕೆ ಎಳೆದು, ಪುಟ ಹುಡುಕಿ, ನನ್ನ ಕೈಗೆ ಕೊಟ್ಟರು.

"ನೀವು ಟೀಚರಲ್ವಾ? ಓದಿ ನಿಮ್ಮ ಮಾವನಿಗೆ ಹೇಳಿ. ಅವರು ಹೇಳುವ ವಿಷಯವೇ ಉಂಟು ಇದರಲ್ಲಿ."

ನನ್ನ ಇಂಗ್ಲಿಷ್ ಮೆಟ್ರಿಕ್‌ನದ್ದು. ಅರ್ಧ ಶಬ್ದ ಬಾಯಿಗೇ ಹತ್ತಲಿಲ್ಲ. ಆದರೂ ಸೈನಿಕರು, ಮಾಂಸಖಂಡ, ಪೆನ್ಸಿಲಿನ್, ಗುಣ ಇಷ್ಟು ಸಿಕ್ಕಿದವು. "ಮಾಂಸಖಂಡಕ್ಕೆ ಗಾಯ ಆದವರಿಗೆ ಪೆನ್ಸಿಲಿನ್ ಕೊಟ್ಟದ್ದರಿಂದ ಗುಣ ಕಂಡಿದೆ ಅಂತ ಬರೆದಿದ್ದಾರೆ ಮಾವ," ಎಂದೆ. ನನ್ನ ಬಾಯಿಂದಲೇ ನನ್ನ ಸೂಜಿ ಖಾಯಂ ಆಗಿತ್ತು.

"ನೋಡಿದ್ಯಾ!" ಎಂದು ಮಾವನ ಮೀಸೆ ಮೇಲಕ್ಕೆ ಹೋಯಿತು.

"ಟೀಚರೇ, ಗಾಯ ಅಂದ್ರಲ್ಲ, ಯಾವ ಗಾಯ?" ಎಂದರು ಡಾಕ್ಟರು. "ಚಾಕು ತಾಗಿದ್ರೂ ನಮಗೆ ಗಾಯ, ಒಳಗೆ ಹರಿದ್ರೂ ಒಳಗಾಯ. ಇಂಗ್ಲಿಷಿನವರಿಗೆ ಅದಕ್ಕೆ ಒಂದು ಶಬ್ದ, ಇದಕ್ಕೆ ಇನ್ನೊಂದು. ಇಲ್ಲಿ ಬರೆದದ್ದು ಚರ್ಮ ಒಡೆದು, ಮಣ್ಣು ಕೊಳೆ ಒಳಗೆ ಹೊಕ್ಕ ಗಾಯ. ನಿಮ್ಮ ಕಾಲಿನ ಚರ್ಮ ಎಲ್ಲಾದ್ರೂ ಒಡೆದಿದೆಯಾ?"

ನಾನು ಕಾಲು ನೋಡಿಕೊಂಡೆ. ಅಷ್ಟೆಲ್ಲ ಬಣ್ಣದ ನಡುವೆ ಒಂದು ಗೀರು ಕೂಡ ಇರಲಿಲ್ಲ.

ಡಾಕ್ಟರು ಮಾವನ ಕಡೆ ತಿರುಗಿದರು. "ನೀವು ಕಂಡದ್ದು ಸುಳ್ಳಲ್ಲ. ಅವರಿಗೆಲ್ಲ ಎಂತ ತಾಗಿತ್ತು?"

"ಗುಂಡು. ಬಾಂಬಿನ ಚೂರು."

"ಪಟ್ಟಾಳದಲ್ಲಿ ಕವಾಯತು ಮಾಡುವಾಗ, ಓಡುವಾಗ, ಯಾರ ಕಾಲೂ ಹೀಗೆ ಹರೀಲಿಲ್ವಾ?"

"ಹರೀದೆ ಇರ್ತದಾ? ನನ್ನದೇ ಹರಿದಿತ್ತು."

"ನಿಮಗೆ ಪೆನ್ಸಿಲಿನ್ ಕೊಟ್ರಾ?"

ಮಾವ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಇಲ್ಲ. ಬ್ಯಾಂಡೇಜ್ ಸುತ್ತಿ ಲೈಟ್ ಡ್ಯೂಟಿ ಅಂತ ಚೀಟಿ ಕೊಟ್ರು. ಮೂರು ವಾರ ಆಲೂಗಡ್ಡೆ ಸುಲಿದೆ," ಎಂದರು.

"ಕಾಲು ಉಂಟಲ್ಲ?"

"ಉಂಟು," ಎಂದು ಮಾವ ತಮ್ಮ ಕಾಲನ್ನೇ ಅನುಮಾನದಿಂದ ನೋಡಿಕೊಂಡರು. ಅತ್ತೆಗೆ ನಗು ತಡೆಯಲಾಗಲಿಲ್ಲ.

ಡಾಕ್ಟರು ನಗಲಿಲ್ಲ. ಅವರು ಹೇಳಿದ ಮಾತು ನನಗೆ ಹೆಚ್ಚುಕಡಿಮೆ ಹಾಗೆಯೇ ನೆನಪಿದೆ. ಸೂಜಿ ಹಾಕಿಸಿಕೊಂಡವರಲ್ಲಿ ಗುಣವಾದವರನ್ನು ಎಣಿಸಿದರೆ ಸಾಲದು, ಹಾಕಿಸಿಕೊಳ್ಳದೆ ಗುಣವಾದವರನ್ನೂ ಎಣಿಸಬೇಕು. ಇಂಥ ಒಳಪೆಟ್ಟಿಗೆ ಹಾಗೆ ಎರಡೂ ಕಡೆ ಎಣಿಸಿ ನೋಡಿದ್ದು ಅವರಿಗೆ ಎಲ್ಲೂ ಓದಲು ಸಿಕ್ಕಿಲ್ಲ. ಹಾಗಾಗಿ ಇದಕ್ಕೆ ಸೂಜಿಯಿಂದ ಉಪಯೋಗವಿದೆ ಎಂದು ಅವರು ಹೇಳುವುದಿಲ್ಲ. "ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ನಾನು ಹೇಳುದು ಹೇಗೆ?" ಎಂದರು. ಒಬ್ಬ ಡಾಕ್ಟರು ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿದ್ದು ಅವತ್ತೇ. ಕೇಳಿ ಹೆದರಿಕೆಯಾಗಬೇಕಿತ್ತು, ಸಮಾಧಾನವಾಯಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಅವರು ಚೀಟಿ ಎಳೆದುಕೊಂಡು ಬರೆಯತೊಡಗಿದರು. "ಆದ್ರೂ ಅಪರೂಪಕ್ಕೆ ಒಳಗೆ ಕಟ್ಟಿದ ರಕ್ತ ಕೀವಾಗುದುಂಟು. ಚಳಿಜ್ವರ ಬಂದು ಕಾಲು ಕೆಂಪಾಗಿ ಸುಟ್ಟ ಹಾಗಾದ್ರೆ ಇಲ್ಲಿಗೆ ಬರ್ಲಿಕ್ಕೆ ಕಾಯುದು ಬೇಡ. ನಿಮ್ಮ ಕಂಪೌಂಡರಿಗೆ ಈ ಚೀಟಿ ತೋರಿಸಿ, ಪೆನ್ಸಿಲಿನ್ ಹಾಕ್ತಾನೆ. ಹಿಂದೆ ಹಾಕಿಸಿಕೊಂಡದ್ದುಂಟಾ? ಏನಾದ್ರೂ ತೊಂದರೆ?"

"ಉಂಟು, ಬಾಣಂತನದಲ್ಲಿ," ಎಂದು ಅತ್ತೆ ನನಗಿಂತ ಮೊದಲು ಉತ್ತರಿಸಿದರು. "ಸೂಜಿಯಿಂದ ತೊಂದರೆ ಆಗ್ಲಿಲ್ಲ. ಬಂಗುಡೆ ತಿಂದು ಮುಖ ಎಲ್ಲ ಊದಿತ್ತು, ಅದು ಬೇರೆ."

ಪೆನ್ನು ನಿಂತಿತು. "ಯಾವಾಗ ಊದಿದ್ದು? ಸೂಜಿ ಹಾಕಿದ ದಿನವಾ?"

"ಅದೇ ದಿನ. ಆದ್ರೆ ಅದು ಬಂಗುಡೆಯಿಂದ. ಮೊದಲ ಎರಡು ಸೂಜಿಗೆ ಎಂತದ್ದೂ ಆಗಿರ್ಲಿಲ್ಲ."

"ಮೊದಲು ಸುಮ್ಮನಿದ್ದು ಆಮೇಲೆ ಮುನಿಯುವ ಸೂಜಿಗಳೂ ಉಂಟು ಅಮ್ಮ. ಮೀನಿನಿಂದ ಹಾಗಾಗುವವರೂ ಇದ್ದಾರೆ. ಒಂದೇ ದಿನ ಎರಡೂ ಆದದ್ದರಿಂದ ಯಾವುದು ಅಂತ ಹೇಳುದು ಕಷ್ಟ." ಅವರು ನನ್ನನ್ನು ನೋಡಿದರು. "ಆ ಮೇಲೆ ಬಂಗುಡೆ ತಿಂದದ್ದುಂಟಾ?"

"ತಿನ್ಲಿಕ್ಕೆ ನಾನು ಬಿಡ್ಬೇಕಲ್ಲ!" ಎಂದರು ಅತ್ತೆ. "ಐದು ವರ್ಷ ಆಯ್ತು ಡಾಕ್ಟ್ರೇ, ನಮ್ಮ ಮನೆಯೊಳಗೆ ಬಂಗುಡೆ ಬರ್ಲಿಲ್ಲ."

ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯಿತ್ತು. ಅವರ ಕೈ ಆಗಲೇ ಚೀಟಿಗಾಗಿ ಚಾಚಿತ್ತು. ಆ ಚೀಟಿ ಮನೆಗೆ ಹೋದರೆ ನನ್ನ ಹಣೆ ಒಂದಿಷ್ಟು ಬಿಸಿಯಾದ ದಿನ ಕಂಪೌಂಡರು ಬರುತ್ತಾನೆ, ನನ್ನದೇ ಒಲೆಯ ಮೇಲೆ ಗಾಜು ಕಟಕಟ ಎನ್ನುತ್ತದೆ. ಈ ಸಲ ಉಳಿಸುವ ಡಾಕ್ಟರು ಪಕ್ಕದಲ್ಲಿರುವುದಿಲ್ಲ. ನನಗೆ ಮಗಳ ನೆನಪಾಯಿತು.

"ತಿಂದಿದ್ದೇನೆ," ಎಂದೆ.

ಚಾಚಿದ್ದ ಅತ್ತೆಯ ಕೈ ಹಿಂದಕ್ಕೆ ಹೋಯಿತು. ಪರದೆಯ ಆಚೆ ಒಂದು ಮಗು ಅಳುತ್ತಿತ್ತು.

"ಒಂದು ಸಲವಾ?" ಎಂದರು ಡಾಕ್ಟರು.

"ಸುಮಾರು ಸಲ. ನಾಲ್ಕು ವರ್ಷದಿಂದ. ಶಾಲೆಯ ಹತ್ತಿರ ಅವ್ವಮ್ಮನ ಮನೆಯಲ್ಲಿ. ಎಂತದ್ದೂ ಆಗ್ಲಿಲ್ಲ, ಒಂದು ದದ್ದು ಕೂಡ ಏಳ್ಲಿಲ್ಲ."

ಡಾಕ್ಟರು ಬರೆಯುತ್ತಿದ್ದ ಚೀಟಿಯನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಹೊಸ ಹಾಳೆ ತೆಗೆದು, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ದಪ್ಪಕ್ಷರದಲ್ಲಿ, ಇವರಿಗೆ ಪೆನ್ಸಿಲಿನ್ ಕೊಡಬಾರದು ಎಂದು ಬರೆದು ಅಡಿಗೆರೆ ಎಳೆದರು. "ಜ್ವರ ಬಂದ್ರೆ ನನ್ನ ಹತ್ತಿರ ಬನ್ನಿ, ಬೇರೆ ಮದ್ದು ಉಂಟು. ಈ ಕಾಗದ ಮಾತ್ರ ಜೀವ ಇರುವವರೆಗೆ ಜೋಪಾನ. ಆ ಮೇಲೆ ನಿಮ್ಮ ಸೊಸೆ ಕದ್ದು ತಿನ್ನದೆ ಇದ್ದಿದ್ರೆ ನಮಗೆ ಇವತ್ತು ಇದು ಗೊತ್ತಾಗ್ತಿರ್ಲಿಲ್ಲ ಅಮ್ಮ," ಎಂದು ಅತ್ತೆಯ ಕೈಗೆ ಕೊಟ್ಟರು.

ಅತ್ತೆ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ನನ್ನ ಮುಖವನ್ನೇ ನೋಡಲಿಲ್ಲ. ನನಗೆ ಕಾಲಿನ ನೋವು ಮರೆತೇ ಹೋಗಿತ್ತು.

"ಅತ್ತೆ, ತಪ್ಪಾಯ್ತು," ಎಂದೆ.

"ಮೊದಲೇ ಹೇಳಿದ್ರೆ ಎಂತ ಆಗ್ತಿತ್ತು ನಿನಗೆ? ನಿನ್ನೆ ಆ ಕಂಪೌಂಡರು ಹಾಕಿಯೇ ಬಿಟ್ಟಿದ್ರೆ?" ಅವರ ಸ್ವರ ನಡುಗಿತು. ಸಿಟ್ಟು ಬಂಗುಡೆಗಲ್ಲ ಎಂದು ಆಗ ಗೊತ್ತಾಯಿತು. ರಸ್ತೆಯ ಬದಿಯಲ್ಲಿ ನಾವಿಬ್ಬರೂ ಅತ್ತೆವು. ಇವರು ಮತ್ತು ಮಾವ ಬಸ್ಸಿನ ಬೋರ್ಡು ಓದುವವರ ಹಾಗೆ ಆ ಕಡೆ ತಿರುಗಿ ನಿಂತರು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಮುಖ ಒರೆಸಿಕೊಂಡು ಮೈದುನನನ್ನು ಕರೆದರು. "ಮೀನು ಮಾರ್ಕೆಟ್ ಯಾವ ಕಡೆ?"

"ಯಾಕೆ ಅತ್ತಿಗೆ?"

"ಯಾಕೆ ಅಂತ ಕೇಳ್ತೀಯಲ್ಲ! ಐದು ವರ್ಷ ಆಯ್ತು ನಾನು ಬಂಗುಡೆ ತಿನ್ನದೆ. ಹೋಗು, ಕಣ್ಣು ನೋಡಿ ತಾ, ಹಳತು ತರಬೇಡ."

ಬಸ್ಸು ಕಡಬ ಮುಟ್ಟುವವರೆಗೂ ಎಲ್ಲರಿಗೂ ಬಂಗುಡೆಯ ವಾಸನೆ. ಬೆಳಿಗ್ಗೆ ಜಾಗ ಮಾಡಿಕೊಟ್ಟ ಕಂಡಕ್ಟರೇ ಸಂಜೆ ಮೂಗು ಮುಚ್ಚಿಕೊಂಡ.

ಆಮೇಲಿನದ್ದು ಹೆಚ್ಚಿಲ್ಲ. ಕಾಲಿಗೆ ಬಟ್ಟೆ ಸುತ್ತಿ, ಹಾಸಿಗೆಯ ಸುರುಳಿಯ ಮೇಲೆ ಎತ್ತಿ ಇಟ್ಟುಕೊಂಡೆ. ಶಾಖ ಬಿಟ್ಟೆವು, ತಿಕ್ಕುವುದು ಬಿಟ್ಟೆವು. ನಡೆಯಲು ಶುರುಮಾಡಿದ ಮೇಲೆ ಇವರು ಹಳೆಯ ಚಪ್ಪಲಿಯ ರಬ್ಬರು ಕತ್ತರಿಸಿ ನನ್ನ ಹಿಮ್ಮಡಿಯ ಕೆಳಗೆ ಎರಡು ಪದರ ಹಾಕಿಕೊಟ್ಟರು. ಹಿಮ್ಮಡಿ ಎತ್ತರವಾದರೆ ಮೀನಖಂಡಕ್ಕೆ ಎಳೆತ ಕಡಿಮೆ ಎಂದು ಡಾಕ್ಟರು ಹೇಳಿದ್ದರು. ಬಣ್ಣ ಅವರು ಹೇಳಿದ ಕ್ರಮದಲ್ಲೇ ಹಸಿರಾಗಿ, ಹಳದಿಯಾಗಿ, ಹೋಯಿತು. ಜ್ವರ ಬರಲಿಲ್ಲ. ಎರಡು ತಿಂಗಳೊಳಗೆ ಶಾಲೆಗೆ ನಡೆದುಕೊಂಡೇ ಹೋದೆ, ಮೊದಲು ಹೆಡ್‌ಮಾಸ್ಟರ ಕ್ಷಮೆ ಕೇಳಿದೆ.

ನಾನು ಹೋಗುವ ಮೊದಲೇ ಅವ್ವಮ್ಮ ಮನೆಗೆ ನೋಡಲು ಬಂದಿದ್ದಳು. ಅತ್ತೆ ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ನನ್ನ ಸೊಸೆಗೆ ಬಂಗುಡೆ ತಿನ್ನಿಸಿದವಳು ನೀನೇ ಅಲ್ವಾ?" ಎಂದರು. ಅವ್ವಮ್ಮನ ಮುಖ ಬಿಳುಚಿತು. "ಹಸಿವಾಗಿತ್ತು ಅವರಿಗೆ, ಅದಕ್ಕೆ ಅಮ್ಮಾ," ಎಂದು ತೊದಲಿದಳು. "ಕೂತ್ಕೋ," ಎಂದರು ಅತ್ತೆ, "ಮಸಾಲೆಗೆ ನೀನು ಎಂತ ಹಾಕುದು ಅಂತ ಹೇಳು. ಇವಳು ನಾಲ್ಕು ವರ್ಷ ಗುಟ್ಟು ಬಿಡದಷ್ಟು ರುಚಿ ಎಂತ ಉಂಟು ಅದರಲ್ಲಿ?"

ಇದನ್ನು ಬರೆಯಲು ಕಾರಣ, ಈಗಲೂ ಕಾಲು ಉಳುಕಿದರೆ ಸಾಕು, ಒಂದು ಸೂಜಿ ಹಾಕಿಸಿಬಿಡಿ ಎನ್ನುವವರು ಸುತ್ತಮುತ್ತ ಇದ್ದಾರೆ. ಅವರು ಕೆಟ್ಟವರಲ್ಲ, ನಮ್ಮ ಮಾವನ ಹಾಗೆ ಏನೋ ಕಂಡವರು. ನೀಲಿಗಟ್ಟಿದ ಕಾಲು ನೋಡಿ ಒಬ್ಬರೇ ಹೆದರಿ ಮಲಗಿದ್ದರೆ, ನಾನೂ ಹಾಗೇ ಮಲಗಿದ್ದೆ ಎಂದು ತಿಳಿಯಿರಿ. ಡಾಕ್ಟರ ಹತ್ತಿರ ಹೋಗಿ. ಹಿಂದೆ ಯಾವುದಾದರೂ ಮದ್ದಿನಿಂದ ತೊಂದರೆಯಾಗಿದ್ದರೆ, ಅದು ಮದ್ದಿನಿಂದಲೇ ಎಂದು ಗ್ಯಾರಂಟಿ ಇಲ್ಲದಿದ್ದರೂ, ಎಷ್ಟು ನಾಚಿಕೆಯಾದರೂ, ಹೇಳಿಬಿಡಿ.

ಎರಡು ವರ್ಷದ ಮೇಲೆ ಮಗ ಹುಟ್ಟಿದ. ಈ ಸಲ ಆಸ್ಪತ್ರೆಯಲ್ಲಿ ಹೆರಿಗೆ. ಮೂರನೆಯ ದಿನ ಜ್ವರ ಏರಿ ನನಗೆ ಅರ್ಧಂಬರ್ಧ ಎಚ್ಚರ. ಯಾರೋ ನನ್ನ ತೋಳಿಗೆ ಸ್ಪಿರಿಟ್ ಒರೆಸುವುದು ತಣ್ಣಗೆ ತಿಳಿಯಿತು, ಬೇಡ ಎನ್ನಲು ನಾಲಗೆ ಏಳಲಿಲ್ಲ. ಅಷ್ಟರಲ್ಲಿ ನನ್ನ ತೋಳಿನ ಮೇಲೆ ಇನ್ನೊಂದು ಕೈ ಅಡ್ಡ ಬಂತು, ಬಳೆಯ ಸದ್ದಿನಿಂದಲೇ ಗುರುತು ಸಿಕ್ಕಿತು. ಅಕ್ಷರ ಬಾರದ ಅತ್ತೆ ಸೊಂಟದಿಂದ ಹಳದಿಯಾದ ಆ ಕಾಗದ ಬಿಡಿಸಿ ನರ್ಸಿನ ಮುಖಕ್ಕೆ ಹಿಡಿದಿದ್ದರು.

"ಇದನ್ನು ಓದಿ ಮೊದಲು," ಎನ್ನುತ್ತಿದ್ದರು. "ಬೇಕಾದ್ರೆ ಅವಳಿಗೆ ಬಂಗುಡೆ ತಿನ್ನಿಸಿ, ನಾನೇ ಮಾಡಿ ತರ್ತೇನೆ. ಆ ಸೂಜಿ ಮಾತ್ರ ಚುಚ್ಚಬೇಡಿ."